ಉಡುಗೊರೆಯ ಬದಲು ಗೂಡಿಗೊಂದು ಕಾವಲು: ಮದುವೆಗೆ ಬರುವವರನ್ನು ದೇಣಿಗೆ ಕೇಳುವ ಬಗೆ

ಆಮಂತ್ರಣ ಅಚ್ಚಿಗೆ ಹೋಗುವ ಮೊದಲೇ ದೇಣಿಗೆ ಯಾರಿಗೆ ಎಂಬುದು ತೀರ್ಮಾನವಾಗಿರಬೇಕು. ‘ಉಡುಗೊರೆ ಬೇಡ, ಪರಿಸರಕ್ಕೆ ಏನಾದರೂ ಕೊಡಿ’ ಎಂದಷ್ಟೇ ಬರೆದರೆ ಓದಿದವರಿಗೆ ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು, ಕೊಟ್ಟದ್ದು ನಿಮಗೆ ತಿಳಿಯುತ್ತದೋ ಇಲ್ಲವೋ, ಒಂದೂ ಗೊತ್ತಾಗುವುದಿಲ್ಲ. ಕೊನೆಗೆ ಅವರು ಗೋಡೆ ಗಡಿಯಾರವನ್ನೇ ತರುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ‘ಪರಿಸರ’ ಕಣ್ಣಿಗೆ ಕಟ್ಟುವುದಿಲ್ಲ. ಒಂದು ಗೂಡು, ಒಂದು ಹಕ್ಕಿ, ಒಂದು ತುಂಡು ಕಾಡು ಕಟ್ಟುತ್ತದೆ.

ನಾನು, ನನ್ನ ಗಂಡ ಇಬ್ಬರೂ ಹಕ್ಕಿ ನೋಡುವ ಹುಚ್ಚಿನವರು. ನಮ್ಮ ಮದುವೆಗೆ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಗೂಡುಗಳನ್ನು ಆರಿಸಿಕೊಂಡೆವು. ಹೆಣ್ಣು ಮಂಗಟ್ಟೆ ದೊಡ್ಡ ಮರದ ಪೊಟರೆಯೊಳಗೆ ಹೊಕ್ಕು, ಅದರ ಬಾಯಿಯನ್ನು ಒಳಗಿನಿಂದ ಮೆತ್ತಿ ಮುಚ್ಚಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಮೊಟ್ಟೆಯಿಟ್ಟು ಕಾವು ಕೊಡುವಾಗಲೆಲ್ಲ ಗಂಡು ಹಣ್ಣು ತಂದು ಆ ಸೀಳಿನ ಮೂಲಕವೇ ಉಣಿಸಬೇಕು. ಬೇಟೆಗಾರನ ಕೈಗೆ ಗಂಡು ಸಿಕ್ಕಿತೆಂದರೆ ಒಳಗಿನ ಸಂಸಾರಕ್ಕೂ ಕುತ್ತು. ಅರುಣಾಚಲ ಪ್ರದೇಶದ ಪಕ್ಕೆ ಹುಲಿ ಸಂರಕ್ಷಿತ ಪ್ರದೇಶದ ಸುತ್ತ 2011ರಲ್ಲಿ ಶುರುವಾದ, ದಾನಿಗಳು ಗೂಡಿನ ಕಾವಲಿಗೆ ಹಣ ಕೊಡುವ ‘ಗೂಡು ದತ್ತು’ ಯೋಜನೆಯಲ್ಲಿ ನ್ಯಿಶಿ ಸಮುದಾಯದ ಹಳ್ಳಿಗರೇ ಇಂಥ ಗೂಡುಗಳನ್ನು ಹುಡುಕಿ ಕಾಯುತ್ತಾರೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ವನ್ಯಜೀವಿ ಸಂರಕ್ಷಣಾ ಸಂಸ್ಥೆ ಮತ್ತು ಅಲ್ಲಿನ ಅರಣ್ಯ ಇಲಾಖೆ ಅವರ ಜೊತೆಗಿವೆ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದದ್ದಕ್ಕೇ, ಮಂಗಟ್ಟೆಯ ಹೆಸರು ಕೇಳದ ನೆಂಟರೂ ‘ಕಾವಲಿಗೆ ನಮ್ಮದೂ ಒಂದಿಷ್ಟು ಇರಲಿ’ ಅಂದರು.

ನಿಮ್ಮ ಮನಸ್ಸಿಗೆ ಹತ್ತಿರವಾದದ್ದು ಬೇರೆ ಇರಬಹುದು. ನ್ಯೂಜಿಲೆಂಡಿನ ಹಾರಲಾರದ ಗಿಳಿ ಕಾಕಪೊ 1995ರಲ್ಲಿ ಬರೀ 51 ಉಳಿದಿದ್ದವು. 2022ರ ಹೊತ್ತಿಗೆ 250 ದಾಟಿದವು. ಆ ಹಕ್ಕಿಯನ್ನೂ ಸಾಂಕೇತಿಕವಾಗಿ ದತ್ತು ಪಡೆಯಬಹುದು. ಕಾಡನ್ನೇ ಕೊಂಡು ಉಳಿಸುವವರೂ ಇದ್ದಾರೆ: ವರ್ಲ್ಡ್ ಲ್ಯಾಂಡ್ ಟ್ರಸ್ಟ್ 1989ರಿಂದ ಆಯಾ ದೇಶದ ಸಂಸ್ಥೆಗಳೊಂದಿಗೆ ಕೈಜೋಡಿಸಿ ಆ ಕೆಲಸ ಮಾಡುತ್ತಿದೆ. ಚಂದದ ಪ್ರಾಣಿಗಳಿಗೆ ಕೊಡುವವರು ಹೇಗೂ ಸಿಗುತ್ತಾರೆ. ರಣಹದ್ದಿಗೆ ಯಾರು? ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ ಕೊಟ್ಟ ಜಾನುವಾರು ಸತ್ತಾಗ ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ 1992ರಿಂದ 2007ರೊಳಗೆ ನೂರಕ್ಕೆ 99ಕ್ಕೂ ಹೆಚ್ಚು ಇಲ್ಲವಾದವು. ಮದುವೆಯಂಥ ಶುಭಕಾರ್ಯದಲ್ಲಿ ರಣಹದ್ದಿನ ಹೆಸರೇ ಎಂದು ಮನೆಯವರು ಹಿಂಜರಿಯಬಹುದು. ಕೂರಿಸಿಕೊಂಡು ಈ ಕತೆ ಹೇಳಿ. ಹೆಚ್ಚಿನವರು ಕರಗುತ್ತಾರೆ.

ಗಿಡ ನೆಡುವ ಯೋಜನೆಗೆ ಎಲ್ಲರೂ ಬೇಗ ಒಪ್ಪುತ್ತಾರೆ, ಆದ್ದರಿಂದಲೇ ಅಲ್ಲಿ ಹೆಚ್ಚು ವಿಚಾರಿಸಬೇಕು. ಯಾವ ಜಾತಿಯ ಗಿಡ, ಆ ನೆಲದ್ದೇನಾ, ನೀರುಣಿಸುವವರು ಯಾರು, ಮೂರು ವರ್ಷದ ಮೇಲೆ ಎಷ್ಟು ಬದುಕಿವೆ ಎಂದು ಎಣಿಸುತ್ತಾರಾ? ಹುಲ್ಲುಗಾವಲನ್ನು ಪಾಳುಭೂಮಿ ಎಂದುಕೊಂಡು ಅಲ್ಲಿ ಮರ ತುಂಬಿಸಿದರೆ ಹುಲ್ಲನ್ನೇ ನಂಬಿದ ಹಕ್ಕಿ, ಪ್ರಾಣಿಗಳ ನೆಲೆ ಹೋಗುತ್ತದೆ. ಉತ್ತರ ಸಮಾಧಾನ ತರದಿದ್ದರೆ ಬಿಟ್ಟುಬಿಡಿ.

ಸಂಸ್ಥೆ ಒಂದೇ ಇರಲಿ, ಹೆಚ್ಚೆಂದರೆ ಎರಡು. ಮದುವೆಗೆ ಎರಡು ಮೂರು ತಿಂಗಳಿರುವಾಗಲೇ ಅವರಿಗೆ ಬರೆಯಿರಿ. ನೋಂದಣಿ ಆಗಿದೆಯೇ, ಆಡಿಟ್ ಆದ ಲೆಕ್ಕ ಹೊರಗಿಟ್ಟಿದ್ದಾರೆಯೇ ನೋಡಿ. ‘ದತ್ತು’ ಎಂದು ಪಡೆದ ಹಣ ಅದೇ ಪ್ರಾಣಿಗೆ ಹೋಗುತ್ತದೋ ಸಂಸ್ಥೆಯ ಒಟ್ಟು ಕೆಲಸಕ್ಕೋ ಎಂದು ನೇರವಾಗಿ ಕೇಳಿ. ಒಟ್ಟು ಕೆಲಸಕ್ಕೆ ಹೋದರೂ ನನಗೆ ಬೇಸರವಿಲ್ಲ. ಕಾವಲುಗಾರರ ಸಂಬಳ, ಜೀಪಿನ ಡೀಸೆಲ್, ಕಚೇರಿಯ ಬಾಡಿಗೆ ಇಲ್ಲದೆ ಯಾವ ಗೂಡೂ ಉಳಿಯುವುದಿಲ್ಲ. ನೆಂಟರಿಗೆ ನೀವು ಹೇಳುವ ಮಾತು ಮಾತ್ರ ಅದಕ್ಕೆ ತಕ್ಕಂತಿರಲಿ. ಹೊರದೇಶದ ನೆಂಟರಿದ್ದರೆ ಅಲ್ಲಿಂದ ಬರುವ ಹಣವನ್ನು ಪಡೆಯಲು ಸಂಸ್ಥೆಗೆ ಅನುಮತಿ ಇದೆಯೇ ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಹಣವನ್ನು ನಿಮ್ಮ ಖಾತೆಗೆ ಹಾಕಿಸಿಕೊಳ್ಳಬೇಡಿ. ಇದೊಂದರಲ್ಲಿ ನಾನು ಹಟಮಾರಿ. ನೇರವಾಗಿ ಸಂಸ್ಥೆಗೆ ಹೋದರೆ ಹಣ ಕೊಟ್ಟವರ ಹೆಸರಿಗೇ ರಸೀದಿ ಬರುತ್ತದೆ, ತೆರಿಗೆ ರಿಯಾಯಿತಿ ಇದ್ದರೆ ಅವರಿಗೇ ಸಿಗುತ್ತದೆ, ಲೆಕ್ಕದ ಬಗ್ಗೆ ಯಾರ ಮನಸ್ಸಿನಲ್ಲೂ ಅನುಮಾನ ಸುಳಿಯುವುದಿಲ್ಲ. ನಿಮ್ಮ ಮದುವೆಯ ಹೆಸರಿನಲ್ಲಿ ಒಂದು ಪುಟವನ್ನೋ ಒಂದು ಗುರುತಿನ ಪದವನ್ನೋ ಕೊಡಲು ಸಂಸ್ಥೆಯನ್ನು ಕೇಳಿ. ಆನ್‌ಲೈನ್ ಬಾರದವರಿಗೆ ಸಹಾಯ ಮಾಡಲು ತಾಳ್ಮೆಯಿರುವ ತಮ್ಮನನ್ನೋ ತಂಗಿಯನ್ನೋ ನೇಮಿಸಿ.

ಆಮಂತ್ರಣದಲ್ಲಿ ನಾವು ಹಾಕಿಸಿದ್ದು ಇಷ್ಟು:

‘ನೀವು ಬಂದು ಹರಸಿದರೆ ಅದೇ ನಮಗೆ ಉಡುಗೊರೆ. ಇನ್ನೇನಾದರೂ ಕೊಡಲೇಬೇಕು ಅನಿಸಿದರೆ, ಮಂಗಟ್ಟೆ ಹಕ್ಕಿಗಳ ಗೂಡು ಕಾಯುವವರಿಗೆ ಕೊಡಿ. ಎಷ್ಟಾದರೂ ಸರಿ. ಕೊಡುವ ದಾರಿ ಹಿಂಬದಿಯಲ್ಲಿದೆ.’

ಹಿಂಬದಿಯಲ್ಲಿ ಹಕ್ಕಿಯ ಕತೆ, ಕ್ಯೂಆರ್ ಕೋಡ್, ತಂಗಿಯ ಫೋನ್ ನಂಬರ್. ಮೊತ್ತ ಸೂಚಿಸಬೇಡಿ. ಮದುವೆಯ ಕಷ್ಟ, ಖರ್ಚು, ಸಾಮಾನು ಇಡಲು ಜಾಗವಿಲ್ಲ ಎಂಬ ಕಾರಣಗಳನ್ನೂ ಬರೆಯಬೇಡಿ. ಪ್ರೀತಿಯಿಂದ ತರುವವರಿಗೆ ಅದು ಚುಚ್ಚುತ್ತದೆ.

ಹಿರಿಯರದು ಬೇರೆಯೇ ಸಂಕಟ. “ಬರಿಗೈಲಿ ಹೇಗೆ ಬರಲಿ ಕಣೇ?” ಅಂದರು ನನ್ನ ಚಿಕ್ಕಮ್ಮ. ಅವರ ಪ್ರಶ್ನೆ ನ್ಯಾಯವಾದದ್ದೇ. ಎದುರಿಗೆ ನಿಂತು, ಕೈಗೆ ಏನೋ ಇಟ್ಟು, ತಲೆ ಸವರುವುದರಲ್ಲಿ ಕೊಡುವವರಿಗೆ ಒಂದು ತೃಪ್ತಿ ಇರುತ್ತದೆ. ಫೋನಿನಲ್ಲಿ ಹಣ ಕಳಿಸಿದರೆ ಅದು ಸಿಗುವುದಿಲ್ಲ. ಅದಕ್ಕೇ ನಾವು ಅಂಗೈ ಅಗಲದ ಕಾರ್ಡುಗಳನ್ನು ಮಾಡಿಸಿದೆವು: ಒಂದು ಬದಿ ಮಂಗಟ್ಟೆಯ ಚಿತ್ರ, ಇನ್ನೊಂದು ಬದಿ ಎರಡು ಸಾಲು ಬರೆಯಲು ಜಾಗ. “ಚಿಕ್ಕಮ್ಮ, ಇದರಲ್ಲಿ ನಮಗೆ ಆಶೀರ್ವಾದ ಬರೆದು ಅವತ್ತು ನನ್ನ ಕೈಗೆ ಕೊಡಿ” ಅಂದೆ. ಅವರಿಗೆ ಸಮಾಧಾನವಾಯಿತು. ದೇಣಿಗೆ ಕೊಟ್ಟವರು, ಕೊಡದವರು ಎಂಬ ಭೇದವಿಲ್ಲದೆ ಎಲ್ಲರಿಗೂ ಅದೇ ಕಾರ್ಡು ಕೊಡಿ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಎಲ್ಲಿಯೂ ಹಾಕಬೇಡಿ, ಮೈಕಿನಲ್ಲಿ ಓದಿಸಬೇಡಿ. ಇಷ್ಟಾದ ಮೇಲೂ ಯಾರಾದರೂ ಪೊಟ್ಟಣ ತಂದರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ.

ಮದುವೆಯ ದಿನದ ಸಡಗರವೂ ನೀವು ಕೇಳಿದ ದೇಣಿಗೆಗೆ ಒಪ್ಪುವಂತಿರಲಿ. ಆಕಾಶಕ್ಕೆ ಬಿಟ್ಟ ಬಲೂನು ಎಲ್ಲೋ ಬಿದ್ದು ಕಡಲಾಮೆಯ, ಹಕ್ಕಿಯ ಹೊಟ್ಟೆ ಸೇರುತ್ತದೆ. ಪಂಜರದಿಂದ ಹಾರಿಸುವ ಬಿಳಿ ಪಾರಿವಾಳ ಮನೆದಾರಿ ಹಿಡಿಯಲು ಪಳಗಿದ್ದಲ್ಲದಿದ್ದರೆ ಹೊರಗೆ ಹೆಚ್ಚು ದಿನ ಬಾಳುವುದಿಲ್ಲ. ಎರಡನ್ನೂ ಕೈಬಿಡಿ.

ಮದುವೆಯಾದ ಮೇಲಿನ ಪತ್ರವನ್ನು ಮರೆಯುವವರೇ ಹೆಚ್ಚು, ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಅದೇ. ಕೊಟ್ಟವರಲ್ಲಿ ಒಪ್ಪಿಗೆ ಇತ್ತವರ ಹೆಸರುಗಳನ್ನು ಮಾತ್ರ, ಮೊತ್ತವಿಲ್ಲದೆ, ಸಂಸ್ಥೆಯಿಂದ ತರಿಸಿಕೊಂಡು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯಿರಿ. ಒಟ್ಟು ಎಷ್ಟು ಕೂಡಿತು, ಯಾವುದಕ್ಕೆ ಹೋಯಿತು ಎಂಬುದನ್ನು ಬಂದವರೆಲ್ಲರಿಗೂ ತಿಳಿಸಿ. ಗೂಡುಕಟ್ಟುವ ಕಾಲ ಮುಗಿದು ಸಂಸ್ಥೆಯ ವರದಿ ಬಂದಾಗ ಅದನ್ನೂ ಕಳಿಸಿ. ಮರಿ ಹಾರಿದ್ದರೆ ಹಾರಿತೆಂದು, ಗಾಳಿಗೆ ಮರ ಬಿದ್ದು ಗೂಡು ಹಾಳಾಗಿದ್ದರೆ ಹಾಗೆಂದೇ ಬರೆಯಿರಿ. ವರದಿ ಇಂಗ್ಲಿಷಿನಲ್ಲಿದ್ದರೆ ಮನೆಯ ಹಿರಿಯರಿಗೆ ಅದರ ತಿರುಳನ್ನು ಫೋನಿನಲ್ಲಿ ಓದಿ ಹೇಳಿ.