ಎಂಆರ್‌ಎನ್‌ಎ ಹೊರುವ ಲಿಪಿಡ್ ನ್ಯಾನೊಕಣಗಳನ್ನು ತಯಾರಿಸುವ ಬಗೆ

ಬೆಂಗಳೂರಿನ ಪ್ರಯೋಗಾಲಯಗಳಿಗೆ ಹೊಸದಾಗಿ ಸೇರುವ ಸಂಶೋಧನಾ ವಿದ್ಯಾರ್ಥಿಗಳು ಲಿಪಿಡ್‌ಗಳಿಂದ, ಅಂದರೆ ಕೊಬ್ಬಿನಂಥ ಅಣುಗಳಿಂದ, ಈ ನ್ಯಾನೊಕಣಗಳನ್ನು ತಯಾರಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದದ್ದು ಆಮ್ಲೀಯತೆಯ ಅಳತೆಯಾದ ಪಿಎಚ್‌ನ ಪಾತ್ರವನ್ನು. ಪ್ರೋಟೀನ್ ತಯಾರಿಸುವ ಸೂಚನೆಯನ್ನು ಕೋಶಕ್ಕೆ ಕೊಡುವ ಎಂಆರ್‌ಎನ್‌ಎ ಋಣಾವೇಶವುಳ್ಳ ದೊಡ್ಡ ಅಣುವಾದ್ದರಿಂದ ತಾನಾಗಿ ಕೋಶದ ಪೊರೆಯನ್ನು ದಾಟಲಾರದು. ಅಯಾನೀಕರಣಗೊಳ್ಳುವ, ಅಂದರೆ ಪಿಎಚ್‌ಗೆ ತಕ್ಕಂತೆ ಆವೇಶ ಬದಲಿಸುವ, ಲಿಪಿಡ್ ಪಿಎಚ್ 4ರಲ್ಲಿ ಧನಾವೇಶ ಪಡೆದು ಅದನ್ನು ಹಿಡಿದಿಡುತ್ತದೆ, ರಕ್ತದ 7.4ರಲ್ಲಿ ಬಹುಮಟ್ಟಿಗೆ ತಟಸ್ಥವಾಗಿರುತ್ತದೆ, ಕೋಶವು ಕಣವನ್ನು ಒಳಗೆಳೆದುಕೊಳ್ಳುವ ಚೀಲವಾದ ಎಂಡೋಸೋಮ್‌ನ ಆಮ್ಲೀಯತೆಯಲ್ಲಿ ಮತ್ತೆ ಆವೇಶ ತಳೆದು ಪೊರೆಯನ್ನು ಕದಡಿ ಸರಕನ್ನು ಹೊರಬಿಡುತ್ತದೆ.

2018ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಪ್ಯಾಟಿಸಿರಾನ್ ಎಂಬ ಔಷಧ ಹೊತ್ತೊಯ್ಯುವುದು ಜೀನ್‌ನ ಕೆಲಸವನ್ನು ತಡೆಯುವ ಚಿಕ್ಕ ಆರ್‌ಎನ್‌ಎಯಾದ ಎಸ್‌ಐಆರ್‌ಎನ್‌ಎಯನ್ನಾದರೂ ಅದರ ಲಿಪಿಡ್ ಅನುಪಾತ ಕಲಿಯುವವರಿಗೆ ಒಳ್ಳೆಯ ಆರಂಭ: ಎಂಸಿ3 (ಅಯಾನೀಕರಣಗೊಳ್ಳುವ ಲಿಪಿಡ್) 50, ಕೊಲೆಸ್ಟರಾಲ್ 38.5, ಡಿಎಸ್‌ಪಿಸಿ (ಒಂದು ಫಾಸ್ಫೋಲಿಪಿಡ್) 10, ಪೆಗ್-ಲಿಪಿಡ್ (ಪೆಗ್ ಎಂಬ ಪಾಲಿಮರ್ ಸರಪಳಿ ಜೋಡಿಸಿದ ಲಿಪಿಡ್) 1.5 ಮೋಲ್ ಶೇಕಡಾ. 100 ಮೈಕ್ರೋಗ್ರಾಂ ಎಂಆರ್‌ಎನ್‌ಎಯಲ್ಲಿ ಸುಮಾರು 0.3 ಮೈಕ್ರೋಮೋಲ್ ಫಾಸ್ಫೇಟ್ ಇರುತ್ತದೆ. ಎಂಸಿ3ಯ ಸಾರಜನಕ (ಅಣುವಿಗೊಂದು) ಮತ್ತು ಎಂಆರ್‌ಎನ್‌ಎಯ ಫಾಸ್ಫೇಟ್‌ಗಳ ಅನುಪಾತವನ್ನು 6 ಎಂದಿಟ್ಟುಕೊಂಡರೆ ಎಂಸಿ3 1.8 ಮೈಕ್ರೋಮೋಲ್, ಒಟ್ಟು ಲಿಪಿಡ್ 3.6 ಮೈಕ್ರೋಮೋಲ್ ಬೇಕಾಗುತ್ತದೆ. ಇದನ್ನು 0.3 ಮಿಲಿಲೀಟರ್ ಶುದ್ಧ ಎಥನಾಲ್‌ನಲ್ಲಿ ಕರಗಿಸಿ. ಮಳೆಗಾಲದಲ್ಲಿ ಫ್ರೀಜರ್‌ನಿಂದ ತೆಗೆದ ಲಿಪಿಡ್ ಸೀಸೆಯನ್ನು ಕೋಣೆಯ ಉಷ್ಣತೆಗೆ ಬಂದ ಮೇಲೆಯೇ ತೆರೆಯಬೇಕು, ಇಲ್ಲವಾದರೆ ಒಳಗೆ ತೇವ ಸೇರುತ್ತದೆ. ಡಿಸೆಂಬರ್‌ನ ತಣ್ಣನೆಯ ಬೆಳಗುಗಳಲ್ಲಿ ಡಿಎಸ್‌ಪಿಸಿ ಕರಗಲು ತಡಮಾಡಿದರೆ 37 ಡಿಗ್ರಿಗೆ ಬೆಚ್ಚಗೆ ಮಾಡಿ, ದ್ರಾವಣ ಪೂರ್ತಿ ತಿಳಿಯಾಗುವವರೆಗೆ ಮುಂದುವರಿಯಬೇಡಿ.

ಎಂಆರ್‌ಎನ್‌ಎಯನ್ನು ಪಿಎಚ್ 4ರ ಸಿಟ್ರೇಟ್ ಬಫರ್‌ನ 0.9 ಮಿಲಿಲೀಟರ್‌ಗೆ ಸೇರಿಸಿ. ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವಗಳು ನಮ್ಮ ಚರ್ಮದ ಮೇಲೆಯೇ ಇರುವುದರಿಂದ ಕೈಗವಸನ್ನು ಆಗಾಗ ಬದಲಿಸಿ.

ಇನ್ನು ಬೆರೆಸುವ ಹಂತ. ಕಣದ ಗಾತ್ರ ಬಹುಪಾಲು ಇಲ್ಲಿಯೇ ನಿರ್ಧಾರವಾಗುತ್ತದೆ. ಎಥನಾಲ್ ನೀರಿನೊಡನೆ ಬೆರೆತೊಡನೆ ಲಿಪಿಡ್‌ಗಳು ಕರಗಿರಲಾರದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೆರಕೆ ನಿಧಾನವಾದರೆ ಕಣಗಳು ದೊಡ್ಡವಾಗಿ, ಒಂದೊಂದು ಒಂದೊಂದು ಗಾತ್ರದಲ್ಲಿ ಹುಟ್ಟುತ್ತವೆ. ಆದ್ದರಿಂದಲೇ ಕೂದಲೆಳೆಯಂಥ ಕಾಲುವೆಗಳಲ್ಲಿ ದ್ರವಗಳನ್ನು ಬೇಗ ಬೆರೆಸುವ ಮೈಕ್ರೋಫ್ಲೂಯಿಡಿಕ್ ಸಾಧನದಲ್ಲಿ ಬಫರ್ ಮತ್ತು ಎಥನಾಲನ್ನು 3:1ರ ಪ್ರಮಾಣದಲ್ಲಿ, ನಿಮಿಷಕ್ಕೆ ಒಟ್ಟು 12 ಮಿಲಿಲೀಟರ್ ವೇಗದಲ್ಲಿ ಹರಿಸುವುದು ರೂಢಿಯಲ್ಲಿದೆ. ಪಿಪೆಟ್‌ನಿಂದ ಬೆರೆಸಿಯೂ ಕಲಿಯಬಹುದು, ಆದರೆ ಫಲಿತಾಂಶ ಕೈಯಿಂದ ಕೈಗೆ ಬದಲಾಗುವುದರಿಂದ ಪ್ರಾಣಿಪ್ರಯೋಗಕ್ಕೆ ಅದನ್ನು ನಾನು ಒಪ್ಪುವುದಿಲ್ಲ.

ಬಳಿಕ ಪಿಎಚ್ 7.4ರ ಫಾಸ್ಫೇಟ್ ಬಫರ್‌ನಲ್ಲಿ ಡಯಾಲಿಸಿಸ್ ಮಾಡಿ, ಅಂದರೆ ಕಣಗಳನ್ನು ಉಳಿಸಿಕೊಂಡು ಚಿಕ್ಕ ಅಣುಗಳನ್ನಷ್ಟೇ ಹೊರಬಿಡುವ ಪೊರೆಯ ಮೂಲಕ, ಎಥನಾಲನ್ನು ತೆಗೆಯಿರಿ.

ಗಾತ್ರ 100 ನ್ಯಾನೊಮೀಟರ್‌ನ ಆಸುಪಾಸಿನಲ್ಲಿ, ಕಣಗಳ ಗಾತ್ರ ಎಷ್ಟು ಹೆಚ್ಚುಕಡಿಮೆಯಾಗಿದೆ ಎಂದು ತೋರುವ ಚದುರುವಿಕೆಯ ಸೂಚ್ಯಂಕ 0.2ಕ್ಕಿಂತ ಕಡಿಮೆ ಬಂದರೆ ಸಮಾಧಾನಪಡಬಹುದು, ಆದರೆ ಖಾಲಿ ಕಣಗಳಿಗೂ ಅದೇ ಗಾತ್ರ ಬರಬಹುದು. ಆದ್ದರಿಂದ ಆರ್‌ಎನ್‌ಎಗೆ ಅಂಟಿದಾಗ ಹೊಳೆಯುವ ರೈಬೋಗ್ರೀನ್ ಬಣ್ಣದ ಹೊಳಪನ್ನು ಟ್ರೈಟಾನ್ ಎಂಬ ಮಾರ್ಜಕ ಹಾಕದೆ ಒಮ್ಮೆ, ಹಾಕಿ ಕಣಗಳನ್ನು ಒಡೆದ ಮೇಲೆ ಇನ್ನೊಮ್ಮೆ ಅಳೆದರೆ ಒಳಗೆ ಸಿಕ್ಕ ಎಂಆರ್‌ಎನ್‌ಎ ಎಷ್ಟೆಂದು ತಿಳಿಯುತ್ತದೆ. ಅದು ಶೇಕಡಾ 90ಕ್ಕಿಂತ ತೀರ ಕೆಳಗಿದ್ದರೆ, ಲಿಪಿಡ್‌ಗಳನ್ನು ಬದಲಿಸುವ ಮುನ್ನ ಸಿಟ್ರೇಟ್ ಬಫರ್‌ನ ಪಿಎಚ್ಚನ್ನು ಇನ್ನೊಮ್ಮೆ ಅಳೆಯಿರಿ.