ಬನ್ನೇರುಘಟ್ಟ ಸಫಾರಿಗೆ ಹೊರಟವರಿಗೆ

ಮಕ್ಕಳನ್ನ ಕರ್ಕೊಂಡು ಬನ್ನೇರುಘಟ್ಟಕ್ಕೆ ಹೋಗೋರು ಮಂಗಳವಾರ ಬಿಟ್ಟು ಬೇರೆ ದಿನ ನೋಡ್ಕೊಳ್ಳಿ, ಅವತ್ತು ಸಾಮಾನ್ಯವಾಗಿ ರಜೆ. ಟಿಕೆಟ್ ಆನ್‌ಲೈನಲ್ಲೇ ಮಾಡಿಸಿ, ಬೆಳಗಿನ ಮೊದಲ ಬಸ್ಸುಗಳನ್ನೇ ಹಿಡೀರಿ. ಬಿಸಿಲೇರಿದ್ರೆ ಹುಲಿ, ಸಿಂಹ ಎಲ್ಲ ನೆರಳು ಹುಡುಕ್ಕೊಂಡು ಮಲಗಿಬಿಡ್ತವೆ.

ನಾವು ಹೋದಾಗ ಕರಡಿಯೊಂದು ಬಸ್ಸಿನ ಪಕ್ಕದಲ್ಲೇ ನೆಲ ಕೆದಕ್ತಾ ಇತ್ತು. ಮೂತಿ ತುಂಬಾ ಕೆಮ್ಮಣ್ಣು, ಎದೆ ಮೇಲೆ ಬಿಳಿ ಗೆರೆ. ಮಗಳು ಉಸಿರು ಬಿಗಿಹಿಡಿದು ನೋಡಿದ್ಲು. ಅಷ್ಟರಲ್ಲಿ ಹಿಂದಿನ ಸೀಟಿನವರು ಜೋರಾಗಿ ಕೂಗಿದ್ರು, ಕರಡಿ ಪೊದೆಯೊಳಗೆ ಹೋಗೇಬಿಡ್ತು. ದಯವಿಟ್ಟು ಕೂಗ್ಬೇಡಿ, ಕಿಟಕಿ ಜಾಲರಿ ಬಡೀಬೇಡಿ. ತಿಂಡಿ ಎಸೆಯೋದಂತೂ ಬೇಡವೇ ಬೇಡ, ಅವುಗಳ ಹೊಟ್ಟೆ ಕೆಡುತ್ತೆ. ನೀರಿಗೆ ಸ್ಟೀಲ್ ಬಾಟಲಿ ಇರಲಿ.

ಸಫಾರಿ ಮುಗಿದ ಮೇಲೆ 2006ರಲ್ಲಿ ಶುರುವಾದ ಚಿಟ್ಟೆ ಪಾರ್ಕ್‌ಗೂ ಹೋಗಿಬನ್ನಿ.