ನಿಮ್ಮ ಸುತ್ತಲಿನ ಒಂದು ಮೊಳ: ಮೈಮೇಲೆ ತೊಡುವ ಚೌಕಟ್ಟು ಕಟ್ಟುವುದು ಹೇಗೆ?

ಒಂದು ಸೀಮೆಸುಣ್ಣ, ಖಾಲಿ ತಾರಸಿ, ಅರ್ಧ ಗಂಟೆ ಬಿಡುವಿರುವ ಒಬ್ಬ ಗೆಳತಿ. ಮೊದಲ ದಿನಕ್ಕೆ ಇಷ್ಟು ಸಾಕು. ಬಿದಿರು, ಬಟ್ಟೆ, ಬೋಲ್ಟು ಎಲ್ಲ ಆಮೇಲೆ. ಬೇರೆಯವರು ಎಷ್ಟು ಹತ್ತಿರ ಬಂದರೆ ಮೈ ಹಿಂಜರಿಯುತ್ತದೆ ಎಂದು ಮೊದಲು ಅಳೆಯುವುದು, ಆ ಅಂತರವನ್ನು ಕಾಯುವ ಹಗುರ ಚೌಕಟ್ಟೊಂದನ್ನು ಆಮೇಲೆ ಕಟ್ಟಿ ತೊಡುವುದು, ಇಷ್ಟೇ ಇಲ್ಲಿನ ಕೆಲಸ.

ತಾರಸಿಯ ನಡುವೆ ಬರಿಗಾಲಲ್ಲಿ ನಿಂತು ಪಾದಗಳ ಸುತ್ತ ಗೆರೆ ಎಳೆದುಕೊಳ್ಳಿ. ಅಲ್ಲಿಂದ ಎಂಟು ದಿಕ್ಕಿಗೂ ಹತ್ತತ್ತು ಅಡಿ ಉದ್ದದ ಗೆರೆಗಳಿರಲಿ. ಗೆಳತಿ ಒಂದೊಂದು ಗೆರೆಯ ತುದಿಯಿಂದ ನಿಧಾನವಾಗಿ ನಿಮ್ಮತ್ತ ನಡೆದು ಬರಬೇಕು. ಒಳಗೆ ಸಣ್ಣಗೆ ಕಸಿವಿಸಿ ಶುರುವಾದ ಕ್ಷಣ ‘ಸಾಕು’ ಅನ್ನಿ. ಆಕೆಯ ಹೆಬ್ಬೆರಳು ನಿಂತ ಕಡೆ ಗುರುತು ಹಾಕಿ. ಬೆನ್ನ ಹಿಂದಿನ ಮೂರು ಗೆರೆಗಳಿಗೆ ತಲೆ ತಿರುಗಿಸಬೇಡಿ, ಹೆಜ್ಜೆಯ ಸಪ್ಪಳ ಕೇಳಿಸಿಕೊಂಡೇ ಹೇಳಿ. ಎಂಟೂ ಗುರುತು ಸೇರಿಸಿದರೆ ನೆಲದ ಮೇಲೆ ಒಂದು ಆಕಾರ ಮೂಡುತ್ತದೆ. ನಾನು ಈವರೆಗೆ ನೋಡಿದ ಯಾವ ನಕ್ಷೆಯೂ ಗುಂಡಗಿರಲಿಲ್ಲ. ಒಬ್ಬರದ್ದು ಮುಂದಕ್ಕೆ ಚಾಚಿದ ಹಲಸಿನ ಕಾಯಿ, ಇನ್ನೊಬ್ಬರದ್ದು ಒಂದು ಪಕ್ಕ ಒತ್ತಿದ ರೊಟ್ಟಿ. ನನ್ನದು ಬಲ ಹೆಗಲ ಹಿಂದೆ ಉಬ್ಬಿಕೊಂಡಿತ್ತು. ಮುಂದೆ ಒಂದು ಮೊಳಕ್ಕೆ ಸುಮ್ಮನಿದ್ದವಳು ಅಲ್ಲಿ 22 ಅಂಗುಲಕ್ಕೇ ‘ಸಾಕು’ ಅಂದಿದ್ದೆ. ಕಾರಣ ಹೊಳೆಯಲು ಎರಡು ದಿನ ಬೇಕಾಯಿತು: ಹತ್ತಾರು ವರ್ಷ ಬಸ್ಸಿನಲ್ಲಿ ಬಲಗೈಯಿಂದ ಮೇಲಿನ ಕಂಬಿ ಹಿಡಿದು ನಿಂತೇ ಓಡಾಡಿದ್ದೇನೆ. ಎತ್ತಿದ ತೋಳಿನ ಕೆಳಗೆ, ಹೆಗಲ ಹಿಂದೆ ಯಾರು ಬಂದು ನಿಲ್ಲುತ್ತಾರೋ ಎಂಬ ಎಚ್ಚರ ಮೈಯಲ್ಲೇ ಉಳಿದುಬಿಟ್ಟಿದೆ.

ಇದೇ ಪ್ರಯೋಗವನ್ನು ಅಷ್ಟಾಗಿ ಪರಿಚಯವಿಲ್ಲದ ಒಬ್ಬರೊಂದಿಗೂ ಮಾಡಿ, ಬೇರೆ ಬಣ್ಣದ ಸೀಮೆಸುಣ್ಣದಲ್ಲಿ. ಅವರ ಒಪ್ಪಿಗೆ ಕೇಳಿಯೇ.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ 1966ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಅಂತರಗಳಿಗೆ ಅಳತೆ ಕೊಟ್ಟರು. ತೀರಾ ಆಪ್ತರಿಗೆ 18 ಅಂಗುಲದವರೆಗೆ, ಸ್ನೇಹಿತರಿಗೆ 4 ಅಡಿಯವರೆಗೆ, ವ್ಯವಹಾರಕ್ಕೆ 12 ಅಡಿಯವರೆಗೆ, ಅದರಾಚೆಯದು ಸಭೆಯ ದೂರ. ಹದಿನೆಂಟು ಅಂಗುಲ ಅಂದರೆ ಹೂವಿನವರು ಅಳೆದು ಕೊಡುವ ನಮ್ಮ ಮೊಳವೇ. ಹನ್ನೆರಡು ಅಡಿ ಅಂದರೆ ಎರಡು ಮಾರು. ಆದರೆ ಅದು ಅಮೆರಿಕದ ಮಧ್ಯಮ ವರ್ಗದವರನ್ನು ನೋಡಿ ಹೇಳಿದ ಲೆಕ್ಕ, ಎಲ್ಲ ನಾಡಿಗೂ ಹೊಂದುವುದಿಲ್ಲ ಎಂದು ಹಾಲ್ ಅವರೇ ಬರೆದಿದ್ದಾರೆ. ಹಾಗಾಗಿ ಪುಸ್ತಕದ ಅಂಕಿ ಬಿಡಿ, ನಿಮ್ಮ ತಾರಸಿಯ ಗೆರೆಯನ್ನು ನಂಬಿ.

ಇಲ್ಲಿ ಒಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ‘ದೂರ ನಿಲ್ಲು’ ಎಂಬುದಕ್ಕೆ ನಮ್ಮಲ್ಲಿ ಕ್ರೂರವಾದ ಚರಿತ್ರೆಯಿದೆ. ಮಡಿ ಮೈಲಿಗೆಯ ಹೆಸರಿನಲ್ಲಿ ಮನುಷ್ಯರಿಗೆ ಹೆಜ್ಜೆಯ ಲೆಕ್ಕ ಹಾಕಿಕೊಟ್ಟ ನೆಲ ಇದು. ಸಂವಿಧಾನದ 17ನೇ ವಿಧಿ ಅದನ್ನು ರದ್ದು ಮಾಡಿದ್ದರೂ ಅಭ್ಯಾಸ ಪೂರ್ತಿ ಹೋಗಿಲ್ಲ. ನಕ್ಷೆ ಬರೆಯುವಾಗ ನಿಮ್ಮ ‘ಸಾಕು’ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ಬಂದವರ ಬಟ್ಟೆ, ಬಣ್ಣ, ಹೆಸರು ನೋಡಿ ಬಂದ ‘ಸಾಕು’ ಆಗಿದ್ದರೆ ಅದಕ್ಕಾಗಿ ಏನನ್ನೂ ಕಟ್ಟಬೇಡಿ. ಯಾರು ಬಂದರೂ ಅದೇ ಜಾಗದಲ್ಲಿ ಮೈ ಹಿಂಜರಿಯುತ್ತದೆಯೇ? ಕಟ್ಟಬೇಕಾದದ್ದು ಅಲ್ಲಿ.

ಆಕಾರ ಎಲ್ಲಿಂದ ತರುವುದು

ಹೊಸಬರು ಸಾಮಾನ್ಯವಾಗಿ ಸೊಂಟದ ಸುತ್ತ ಒಂದು ದೊಡ್ಡ ಬಳೆ ಕಟ್ಟಿಕೊಂಡು ಬರುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಎಲ್ಲ ಕಡೆಯೂ ಒಂದೇ ದೂರ ಇಟ್ಟರೆ ಅದು ಬೇಲಿಯಾಯಿತು.

ಮಲೆನಾಡಿನ ಗೊರಬು ನೋಡಿದ್ದೀರಾ? ಬಿದಿರಿನ ಹೆಣಿಗೆಯ ನಡುವೆ ಎಲೆ ಹೊದಿಸಿದ, ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನು ಮುಚ್ಚುವ ಮಳೆಯ ಕವಚ. ಬಗ್ಗಿ ನಾಟಿ ಮಾಡುವಾಗ ಮಳೆಯೆಲ್ಲ ಗೊರಬಿನ ಮೇಲೆ ಸುರಿಯುತ್ತದೆ. ಮುಂದುಗಡೆ ಎರಡು ಕೈ, ಸಸಿ, ಕೆಸರು, ಪಕ್ಕದವಳ ಮಾತು ಎಲ್ಲ ತೆರೆದೇ ಇರುತ್ತವೆ. ಬೆನ್ನಿಗೆ ಮನೆ, ಎದುರಿಗೆ ಅಂಗಳ. ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಗೊರಬು ಅಟ್ಟ ಸೇರಿತು. ಆದರೆ ಮೈಗೆ ಎಲ್ಲಿ ಬೇಕೋ ಅಲ್ಲಿ ಮಾತ್ರ ಕಟ್ಟುವ ಜಾಣತನವನ್ನು ನಾನು ಕಲಿತದ್ದು ಅದರಿಂದಲೇ. ಭೂತಕೋಲದ ಅಣಿ ಇದಕ್ಕೆ ಪೂರ್ತಿ ಬೇರೆ: ಬೆನ್ನಿಗೆ ಕಟ್ಟಿದ ಆ ಎತ್ತರದ ಚೌಕಟ್ಟು ಮನುಷ್ಯನ ಗಾತ್ರವನ್ನೇ ಹಿಗ್ಗಿಸುತ್ತದೆ, ನೋಡುವವರು ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅದು ಆರಾಧನೆಯ ವಸ್ತು, ಅನುಕರಿಸಲು ಹೋಗಬೇಡಿ. ಭಾರ ಮೈಮೇಲೆ ಹೇಗೆ ಕೂರುತ್ತದೆ ಎಂಬುದನ್ನು ನೋಡಿ ಕಲಿತರೆ ಸಾಕು.

ಜರ್ಮನಿಯ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯಲ್ಲಿ ಕಲಿಸುತ್ತಿದ್ದ ಆಸ್ಕರ್ ಶ್ಲೆಮ್ಮರ್ 1920ರ ದಶಕದಲ್ಲಿ ನರ್ತಕರ ಕೈಕಾಲಿಗೆ ಉದ್ದನೆಯ ಕೋಲುಗಳನ್ನು ಕಟ್ಟಿ ಕುಣಿಸಿದರು. ಮೊಣಕೈ ಸ್ವಲ್ಪ ಅಲ್ಲಾಡಿದರೂ ಕೋಲಿನ ತುದಿ ಗಾಳಿಯಲ್ಲಿ ದೊಡ್ಡ ಗೆರೆ ಬರೆಯುತ್ತಿತ್ತು. ಅದೇ ದೇಶದ ಕಲಾವಿದೆ ರೆಬೆಕಾ ಹಾರ್ನ್ 1972ರಲ್ಲಿ ಬೆರಳುಗಳನ್ನು ನೆಲ ಮುಟ್ಟುವಷ್ಟು ಉದ್ದ ಮಾಡುವ ಕೈಗವಸು ತಯಾರಿಸಿದರು. ದೂರದಲ್ಲೇ ಇದ್ದು ಮುಟ್ಟುವ ಸಾಧನ ಅದು. ಯೌವನದಲ್ಲಿ ಮುಖಗವಸಿಲ್ಲದೆ ಗಾಜಿನ ನಾರು ಬಳಸಿ ಶಿಲ್ಪ ಮಾಡುತ್ತಿದ್ದ ಅವರ ಶ್ವಾಸಕೋಶ ಕೆಟ್ಟಿತ್ತು. ಆರೋಗ್ಯಧಾಮದ ಹಾಸಿಗೆಯಲ್ಲಿ ಒಂಟಿಯಾಗಿ ಮಲಗಿದ್ದ ಕಾಲದಲ್ಲೇ ದೇಹವನ್ನು ಹೊರಗೆ ಚಾಚುವ ಇಂಥ ಕೆಲಸಗಳ ಆಲೋಚನೆ ಶುರುವಾದದ್ದು. ಫೈಬರ್‌ಗ್ಲಾಸ್, ರೆಸಿನ್ ಬಳಸುವ ಆಸೆ ಇರುವವರು ಇದನ್ನು ನೆನಪಿಡಿ. ಮನೆಯಲ್ಲಿ ಅದು ಬೇಡವೇ ಬೇಡ. ನಮಗೆ ಬಿದಿರಿದೆ.

ಕಟ್ಟುವ ಕೆಲಸ

ನನ್ನ ಬಲ ಹೆಗಲಿಗೆ ಮಾಡಿದ್ದನ್ನೇ ಇಲ್ಲಿ ವಿವರಿಸುತ್ತೇನೆ: ಬೆನ್ನ ಹಿಂದೆ ಬಿಚ್ಚಿ ಮಡಚುವ ಬಿದಿರಿನ ಬೀಸಣಿಗೆ. ನಿಮ್ಮ ಉಬ್ಬು ಬೇರೆ ಕಡೆ ಇದ್ದರೆ ಬೀಸಣಿಗೆಯನ್ನು ಅತ್ತ ತಿರುಗಿಸಿಕೊಳ್ಳಿ.

ಮೊದಲು ನಕ್ಷೆಯನ್ನು ಕಾಗದಕ್ಕೆ ಇಳಿಸಿ, ಒಂದು ಅಡಿಗೆ ಒಂದು ಅಂಗುಲದಂತೆ. ಅದೇ ಅಳತೆಯ ಜೇಡಿಮಣ್ಣಿನ ಗೊಂಬೆ ಮಾಡಿ (ಐದೂವರೆ ಅಡಿಯವರಿಗೆ ಐದೂವರೆ ಅಂಗುಲ), ತೆಂಗಿನಗರಿಯ ಕಡ್ಡಿ ಚುಚ್ಚಿ ಆಕಾರ ನೋಡಿಕೊಳ್ಳಿ. ಚೌಕಟ್ಟಿನ ಅಂಚು ನಕ್ಷೆಯ ಅಂಚಿನವರೆಗೂ ಹೋಗಬೇಕಿಲ್ಲ. ಜನ ಚೌಕಟ್ಟಿನಿಂದಲೂ ತುಸು ದೂರವೇ ನಿಲ್ಲುತ್ತಾರೆ. 22 ಅಂಗುಲದ ಜಾಗಕ್ಕೆ ನನಗೆ ಬೇಕಾದದ್ದು ಗೇಣಿಗಿಂತ ಸ್ವಲ್ಪ ಹೆಚ್ಚಿನ ಚಾಚು ಅಷ್ಟೆ.

ಬುಟ್ಟಿ ಹೆಣೆಯುವ ಮೇದಾರರ ಬಳಿ ಹೋಗಿ ಐದು ಬಿದಿರ ದಬ್ಬೆ ಸೀಳಿಸಿಕೊಳ್ಳಿ. ಒಂದೊಂದು 30 ಅಂಗುಲ ಉದ್ದ, ಬುಡದಲ್ಲಿ ಒಂದು ಅಂಗುಲ ಅಗಲ, ತುದಿಯಲ್ಲಿ ಅರ್ಧ ಅಂಗುಲ, ದಪ್ಪ 3 ಮಿ.ಮೀ. ಗಿಣ್ಣು ಕಡಿಮೆ ಇರುವ ತುಂಡು ಕೇಳಿ, ಮುರಿಯುವುದು ಅಲ್ಲೇ. ರಾತ್ರಿಯಿಡೀ ನೀರಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ಸಣ್ಣ ಉರಿಯ ಮೇಲೆ ಆಡಿಸುತ್ತ ಬಿಲ್ಲಿನಂತೆ ಬಗ್ಗಿಸಿ, ಆರುವವರೆಗೆ ದಾರ ಕಟ್ಟಿಡಿ. ಸಿಪ್ಪೆಯ ಮೈ ಬಾಗಿನ ಹೊರಬದಿಗೆ ಇರಲಿ. ನಾರು ಒತ್ತಾಗಿರುವುದು ಅಲ್ಲೇ ಆದ್ದರಿಂದ ಎಳೆತವನ್ನು ಅದು ತಡೆಯುತ್ತದೆ, ತಿರುವುಮುರುವಾದರೆ ಸಿಬಿರೇಳುತ್ತದೆ. ಐದೂ ಒಂದೇ ಬಾಗಿನಲ್ಲಿರಬೇಕು, ಇಲ್ಲದಿದ್ದರೆ ಮಡಚಿದಾಗ ಒಂದರ ಮೇಲೊಂದು ಕೂರುವುದಿಲ್ಲ. ಈ ಹಂತಕ್ಕೆ ಒಂದು ಇಡೀ ದಿನ ಕೊಡಿ, ಅವಸರ ಮಾಡಬೇಡಿ.

ತೂಕದ ವಿಷಯ. ನನ್ನ ಮೊದಲ ಪ್ರಯತ್ನ ಕಬ್ಬಿಣದ ಸರಳಿನದ್ದು, ಎರಡೂವರೆ ಕೆ.ಜಿ. ಅದರಷ್ಟೇ ಭಾರದ ಚೀಲವನ್ನು ಬೆನ್ನಿಗೆ ಹಾಕಿಕೊಂಡು ದಿನವೂ ತಿರುಗುತ್ತೇನೆ, ಆದರೆ ಇದನ್ನು ಅರ್ಧ ಗಂಟೆ ಹೊರಲಾಗಲಿಲ್ಲ. ಮೈಯಿಂದ ಆಚೆ ಚಾಚಿದ ಭಾರದ ಲೆಕ್ಕವೇ ಬೇರೆ: 60 ಸೆಂ.ಮೀ. ದೂರದಲ್ಲಿ ತೂಗುವ 100 ಗ್ರಾಂ, 10 ಸೆಂ.ಮೀ. ದೂರದಲ್ಲಿ ತೂಗುವ 600 ಗ್ರಾಂನಷ್ಟೇ ಜಗ್ಗುತ್ತದೆ. ಬಿದಿರಿನದು ಎಲ್ಲ ಸೇರಿ 700 ಗ್ರಾಂ ದಾಟಲಿಲ್ಲ. ತುದಿಯಲ್ಲಿ ಮಣಿ, ಗೆಜ್ಜೆ, ಕನ್ನಡಿ ಚೂರು ಸಿಕ್ಕಿಸುವ ಆಸೆಯಾಗುತ್ತದೆ, ತಡೆದುಕೊಳ್ಳಿ.

ಭಾರ ಸೊಂಟದ ಮೇಲೆ ಇಳಿಯಬೇಕು, ಹೆಗಲ ಮೇಲಲ್ಲ. ಮೂರು ಅಂಗುಲ ಅಗಲದ ಕ್ಯಾನ್ವಾಸ್ ಪಟ್ಟಿಗೆ ಒಳಬದಿಯಲ್ಲಿ ಹಳೆಯ ಯೋಗದ ಚಾಪೆಯ ತುಂಡು ಹೊಲಿದು ಸೊಂಟಪಟ್ಟಿ ಮಾಡಿ. ಬೆನ್ನ ನಡುವೆ ಒಂದು ಜೇಬು, ಅದರೊಳಗೆ 4 ಅಂಗುಲ ಅಗಲ 6 ಅಂಗುಲ ಎತ್ತರದ ಪ್ಲೈವುಡ್ ಹಲಗೆ. ಹಲಗೆಯ ಮೂಲಕ 6 ಮಿ.ಮೀ. ಬೋಲ್ಟು ಹೊರಬರಲಿ. ಶಾಲಾ ಚೀಲದಿಂದ ಬಿಚ್ಚಿದ ಎರಡು ಪಟ್ಟಿಗಳನ್ನು ಹೆಗಲ ಮೇಲಿಂದ ತಂದು ಎದೆಯ ಮುಂದೆ ಅಡ್ಡಹಾಯಿಸಿ ಕಟ್ಟಿದರೆ ಚೌಕಟ್ಟು ಹಿಂದಕ್ಕೆ ವಾಲುವುದಿಲ್ಲ.

ದಬ್ಬೆಗಳ ಬುಡಕ್ಕೆ ರಂಧ್ರ ಕೊರೆಯುವ ಮೊದಲು ಎರಡೂ ಬದಿಗೆ ಮೇಣ ಸವರಿದ ದಾರ ಬಿಗಿಯಾಗಿ ಸುತ್ತಿ, ಇಲ್ಲವಾದರೆ ಸೀಳು ಬಿಡುತ್ತದೆ. ಐದನ್ನೂ ಬೋಲ್ಟಿಗೆ ಪೋಣಿಸಿ, ನಡುವೆ ಒಂದೊಂದು ವಾಷರ್, ಕೊನೆಗೆ ಕೈಯಿಂದ ತಿರುಗಿಸುವ ರೆಕ್ಕೆ ನಟ್ಟು. ಮೊದಲ ದಬ್ಬೆಯನ್ನು ಬೆನ್ನುಹುರಿಗೆ ನೇರವಾಗಿ ಹಲಗೆಗೆ ಬಿಗಿದುಬಿಡಿ. ಉಳಿದ ನಾಲ್ಕು ಬಲಕ್ಕೆ ಬೀಸಣಿಗೆಯಂತೆ ಬಿಚ್ಚಿಕೊಂಡು ಕಾಲು ವೃತ್ತ ತುಂಬಬೇಕು. ತುದಿಗಳ ನಡುವೆ ಸುಮಾರು 11 ಅಂಗುಲ ಅಂತರ ಬರುತ್ತದೆ.

ತುದಿಗಳು ನಿಮ್ಮ ಬೆನ್ನ ಹಿಂದಿವೆ, ಅಲ್ಲಿ ನಿಮ್ಮ ಕಣ್ಣಿಲ್ಲ, ಬೇರೆಯವರ ಕಣ್ಣಿದೆ. ಪ್ರತಿ ತುದಿಗೂ ತೆಳು ಬೆತ್ತದಿಂದ ಎರಡು ಅಂಗುಲದ ಉಂಗುರ ಸುತ್ತಿ, ಮೇಲೆ ಬಟ್ಟೆ ಹೊಲಿಯಿರಿ. ಇದನ್ನು ಮಾಡದೆ ಮನೆಯಿಂದ ಹೊರಗೆ ಹೊರಡಬೇಡಿ.

ಹೊದಿಕೆಗೆ ಹಳೆಯ ಕೋಟಾ ಸೀರೆ ಚೆನ್ನ, ಆಚೆ ನಿಂತವರ ನೆರಳು ಕಾಣುತ್ತದೆ. ದಪ್ಪ ಬಟ್ಟೆ ಹಾಕಿದರೆ ಗೋಡೆಯಾಗುತ್ತದೆ, ಗಾಳಿಗೂ ಸಿಕ್ಕಿಬೀಳುತ್ತದೆ. ಸೀರೆಯ ಅಂಚು ಗಟ್ಟಿಯಿರುವುದರಿಂದ ದಬ್ಬೆ ತೂರಿಸುವ ಕೊಳವೆಗೆ ಅದನ್ನೇ ಬಳಸಿ. ಬೀಸಣಿಗೆ ಪೂರ್ತಿ ಬಿಚ್ಚಿದ ಸ್ಥಿತಿಯಲ್ಲೇ ಬಟ್ಟೆಯ ಅಳತೆ ತೆಗೆದು, ಅಂಗುಲದಷ್ಟು ಸಡಿಲ ಬಿಟ್ಟು ಹೊಲಿಯಿರಿ.

ಕೊನೆಯದು ದಾರ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಹೊರಗಿನ ದಬ್ಬೆಯ ನಡುವಿನಿಂದ ಒಂದು ನೈಲಾನ್ ದಾರ ಹೊರಟು, ಎಡ ಹೆಗಲ ಪಟ್ಟಿಯ ಉಂಗುರದಲ್ಲಿ ತೂರಿ ನಿಮ್ಮ ಎಡಗೈಗೆ ಬರಬೇಕು. ಸಡಿಲ ಬಿಟ್ಟರೆ ಬೀಸಣಿಗೆ ತನ್ನ ಭಾರಕ್ಕೆ ಬಿಚ್ಚಿಕೊಳ್ಳುತ್ತದೆ, ಜಗ್ಗಿದರೆ ಬೆನ್ನಿಗೆ ಮಡಚಿಕೊಳ್ಳುತ್ತದೆ; ಮಡಚಿದ ಮೇಲೆ ಸೊಂಟದ ಕೊಕ್ಕೆಗೆ ಸಿಕ್ಕಿಸಿಬಿಡಬಹುದು. ತಾಯಿಯೋ ಗೆಳತಿಯೋ ಹತ್ತಿರ ಬಂದಾಗ ಒಂದು ಎಳೆತಕ್ಕೆ ದಾರಿ ಬಿಡಲಾಗದ ಚೌಕಟ್ಟನ್ನು ನಾನಂತೂ ತೊಡಲಾರೆ. ಅಂತರ ಎಷ್ಟಿರಬೇಕು ಎಂಬುದು ಗಳಿಗೆಗೊಮ್ಮೆ ಬದಲಾಗುವಾಗ ಚೌಕಟ್ಟು ಮಾತ್ರ ಬದಲಾಗದಿದ್ದರೆ ಹೇಗೆ?

ತೊಟ್ಟು ನೋಡುವುದು

ಮನೆಯೊಳಗೆ ಇಪ್ಪತ್ತು ನಿಮಿಷ ತೊಟ್ಟು ಓಡಾಡಿ. ಬಾಗಿಲು ದಾಟಿ, ಸ್ಟೂಲಿನ ಮೇಲೆ ಕೂತು ಏಳಿ, ಬಗ್ಗಿ ಚಪ್ಪಲಿ ಹಾಕಿ. ಎಲ್ಲಿ ಉಜ್ಜುತ್ತದೋ ಅಲ್ಲಿ ಮೆತ್ತೆ ಹೆಚ್ಚಿಸಿ. ಆಮೇಲೆ ಬಯಲಿಗೆ. ತುಂಬಿದ ಬಸ್ಸಿಗೆ, ಮೆಟ್ರೊಗೆ ತೊಟ್ಟು ಹತ್ತಬೇಡಿ. ಜಾಗವಿಲ್ಲದೆ ನಿಂತವರ ಜಾಗ ಕಸಿದುಕೊಂಡು ಪ್ರಯೋಗ ಮಾಡುವುದು ತಪ್ಪು. ನಾನು ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ನಡೆದೆ. ಗೆಳತಿ ಹತ್ತು ಹೆಜ್ಜೆ ಹಿಂದೆ ಬರುತ್ತ, ಎದುರಾದವರು ಯಾವ ಕಡೆಯಿಂದ ಎಷ್ಟು ದೂರದಲ್ಲಿ ದಾಟಿದರು ಎಂದು ಬರೆದುಕೊಂಡಳು. ಯಾರ ಫೋಟೊವನ್ನೂ ತೆಗೆಯಲಿಲ್ಲ. ದೊಡ್ಡವರು ಸುತ್ತು ಬಳಸಿ ಹೋದರು, ಮಕ್ಕಳು ನೇರ ಬಂದು ಬಟ್ಟೆ ಮುಟ್ಟಿ ನೋಡಿದರು. ಒಂದು ಮಗು ಬೀಸಣಿಗೆಯ ಕೆಳಗೆ ಬಂದು ನಿಂತುಬಿಟ್ಟಿತು. ಆ ಜಾಗ ಇಬ್ಬರಿಗಾಗುವಷ್ಟಿದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಮನೆಗೆ ಬಂದ ಮೇಲೆ ತಾರಸಿಗೆ ಹೋಗಿ, ಚೌಕಟ್ಟು ತೊಟ್ಟುಕೊಂಡೇ ಎಂಟು ಗೆರೆಗಳ ಪ್ರಯೋಗವನ್ನು ಮತ್ತೊಮ್ಮೆ ಮಾಡಿ, ಹಳೆಯ ನಕ್ಷೆಯ ಮೇಲೆಯೇ ಹೊಸದನ್ನು ಬರೆಯಿರಿ. ನನ್ನದರಲ್ಲಿ ಬಲ ಹೆಗಲ ಹಿಂದಿನ ಉಬ್ಬು ಕುಗ್ಗಿತ್ತು. ಎದುರಿನ ಗೆರೆಯಲ್ಲಿ ಗೆಳತಿ ಮೊಳದ ಗುರುತು ದಾಟಿ ಗೇಣು ದೂರಕ್ಕೆ ಬಂದಿದ್ದಳು. ನಾನು ಇನ್ನೂ ‘ಸಾಕು’ ಅಂದಿರಲಿಲ್ಲ.